ಹನ್ನೊಂದು ಪುಟದ ಸೂಚನಾ ವಹಿ

ಶಹಾಬಾದ, ೧೨-೭-೨೦೦೧

ನಾಗೇಂದ್ರಪ್ಪ ಸರ್, ನಮಸ್ಕಾರ.

ನಾ ಮಾಡಿಕೊಟ್ಟ ವಾಚನಾಲಯದ ಸಾಫ್ಟ್‌ವೇರ್‌ದಾಗ ಏನು ಸುಧಾರಿಸಬೇಕು ಬರೀರಿ ಅಂತ ನಿಮ್ಮ ಚಿಂಚೋಳಿ ಶಾಖೆಗೂ ಸೇಡಂ ಶಾಖೆಗೂ ಕೂಡಿ ಒಂದು ವಹಿ ಕೊಟ್ಟಿದ್ದೆ. ಹನ್ನೊಂದು ಪುಟ ತುಂಬ್ಯಾವ. ಪುಸ್ತಕದ ಹೆಸರಿನಿಂದ ಹುಡುಕಬೇಕು ಅಂದ ಸೇಡಂದ ವಿಠ್ಠಲ್ ಸರ್‌ಗೆ ನೀವು 'ದಿಮಾಗಿಲ್ಲ' ಅಂದೀರಿ. ಲೇಖಕರ ಹೆಸರಿನಿಂದ ಅಂದ ನಿಮಗ ಅವರು 'ನಿವೃತ್ತಿ ತಗೋರಿ' ಅಂದಾರ. ಎರಡೂ ಆಗ್ತಾವ್ರಿ! ಆದ್ರ ಪರದೆ ಮ್ಯಾಲ ಹೆಂಗ ಬರಬೇಕು ಅಂತ ಒಬ್ಬರೂ ಬರದಿಲ್ಲ, ಬರೇ ಬೈದಾಡೀರಿ.

ಏಳನೇ ಪುಟದ ಅಂಚಿನಾಗ ನಿಮ್ಮ ಸಹಾಯಕಿ ಗುರುದೇವಿಯವರು ಸಣ್ಣಗ ಬರದಾರ: 'ನಿಮ್ಮಿಬ್ಬರ ಮಾತಿನ ನಡುವ ಬಂದೆ, ಮಾಫ್ ಮಾಡ್ರಿ. ಅಕ್ಷರ ಜರಾ ದೊಡ್ಡವು ಮಾಡ್ರಿ, ಕಣ್ಣು ಭಾಳ ನೋಯ್ತಾವ.'

ಈ ಸಲದ ಫ್ಲಾಪಿಯೊಳಗ ಅದೊಂದೇ ಮಾಡೀನಿ. ಅದರ ಜೋಡಿ ಒಂದು ಹೊಸ ವಹಿ ಇಟ್ಟೀನಿ. ಮೊದಲು ಗುರುದೇವಿಯವರ ಕೈಗೆ ಕೊಡ್ರಿ.

ಇಂತಿ,
ಪ್ರಮಿತಾ