ಚಪ್ಪಲಿಕೋಟೆಯ ನಿಷ್ಠೆ

ಮೇ 3, ಸಂಜೆ 6.40

ಚಪ್ಪಲಿಕೋಟೆ ಮತ್ತೆ ಕೈಬಿಟ್ಟಿತು. ಮೂರನೇ ಸಲ. ನಾಲ್ಕು ಕುದುರೆ ದಂಡು ಕಳೆದುಕೊಂಡು ಗೆದ್ದ ಊರು. ಆರೇ ಟರ್ನಿಗೆ ನಿಷ್ಠೆ ಸೊನ್ನೆ. ಜನ ದಂಗೆ ಎದ್ದರು, ಮರುಟರ್ನಿಗೆ ತಾವಾಗಿಯೇ ಹೋಗಿ ರಾಣಿಯ ಪಾಳಯ ಸೇರಿದರು.

ರಾಣಿ ಅಂದರೆ ಹೆಂಡತಿಯ ಮಗಳು. ಹದಿನಾರು ವರ್ಷ. ಊರು ಗೆಲ್ಲುವ ಕಂಪ್ಯೂಟರ್ ಆಟ ನಮ್ಮದು. ಒಂದೇ ಲ್ಯಾಪ್‌ಟಾಪ್, ಒಂದು ಟರ್ನ್ ಅವಳದು, ಒಂದು ನನ್ನದು. ದಿನಾ ಐದೂವರೆಗೆ, ಊಟದ ಮೇಜಿನ ಮೇಲೆ. ಮದುವೆಯಾಗಿ ನಾನು ಇವರ ಮನೆಗೆ ಬಂದು ಐದು ತಿಂಗಳು. ಅವಳು ತಾನಾಗಿ ಬಾಯಿ ಬಿಡುವುದು ಈ ಒಂದು ಗಂಟೆ ಮಾತ್ರ. ಅದೂ ಹೀಗೆ—

"ಅಂಕಲ್, ನಿಮ್ಮೂರಿನೋರು ನಮ್ಮನೆ ಬಾಗಿಲಿಗೆ ಬಂದು ನಿಂತಿದಾರೆ. ಒಳಗೆ ಕರೀಲಾ?"

"ಕರ್ಕೋ ಮಹಾರಾಯ್ತಿ."

ಮೇ 5

ಚಪ್ಪಲಿಕೋಟೆ ಮತ್ತೆ ಗೆದ್ದೆ. ತೆರಿಗೆ ಇಳಿಸಿದೆ. ಸಂತೆ ಕಟ್ಟಿಸಿದೆ. ಕಾವಲಿಗೆ ಎರಡು ದಂಡು. ಪ್ರಯೋಜನ ಇಲ್ಲ. ಅಂಗಡಿಯಲ್ಲಿ ಬಲ್ಬ್ ಕೇಳಲು ಬಂದವನಿಗೆ ಕ್ಲಚ್ ಪ್ಲೇಟ್ ಮಾರಿ, ಮೇಲೆ ಥ್ಯಾಂಕ್ಸ್ ಹೇಳಿಸಿಕೊಂಡು ಕಳಿಸಿದವನು ನಾನು. ಸ್ಕ್ರೀನಿನ ಮೇಲಿನ ಇರುವೆ ಗಾತ್ರದ ಜನ ನನ್ನ ಮಾತಿಗೆ ಸೊಪ್ಪು ಹಾಕುತ್ತಿಲ್ಲ.

ಅವಳು ಊರಿಗಿಡುವ ಹೆಸರುಗಳೋ... ಚಪ್ಪಲಿಕೋಟೆ, ಆಕಳಿಕೆಪುರ, ತಲೆಹರಟೆಪೇಟೆ. ಗೆದ್ದ ತಕ್ಷಣ ಬದಲಿಸುತ್ತೇನೆ: ಶಾಖೆ-2, ಶಾಖೆ-3, ಶಾಖೆ-4. ಸ್ಪೇರ್ ಪಾರ್ಟ್ಸ್ ಅಂಗಡಿಯವನ ಚಾಳಿ. ಡಬ್ಬಕ್ಕೆ ಚೀಟಿ ಇಲ್ಲದಿದ್ದರೆ ಕೈ ತುರಿಸುತ್ತದೆ. ಈ ಮನೆಗೆ ಬಂದ ಮೊದಲ ವಾರವೇ ಅಡುಗೆಮನೆಯ ಹತ್ತೊಂಬತ್ತು ಡಬ್ಬಗಳಿಗೂ ಲೇಬಲ್ ಮೆಷಿನ್ನಿನಿಂದ ಅಚ್ಚುಕಟ್ಟಾಗಿ ಚೀಟಿ ತೆಗೆದು ಅಂಟಿಸಿದ್ದೆ. ಮೊದಲಿದ್ದ ಕೈಬರಹದ ಚೀಟಿಗಳಲ್ಲಿ ಸಕ್ಕರೆ ಡಬ್ಬದ ಮೇಲೆ 'ಉಪ್ಪು', ಉಪ್ಪಿನ ಡಬ್ಬದ ಮೇಲೆ 'ಸಕ್ಕರೆ' ಅಂತಿತ್ತು! ಅದನ್ನೂ ಸರಿಪಡಿಸಿದೆ. ಅಮ್ಮ, ಮಗಳು ಇಬ್ಬರೂ ನೋಡುತ್ತಾ ನಿಂತಿದ್ದರು.

ಮೇ 9, ಬೆಳಿಗ್ಗೆ

ತಿಂಡಿ ಹೊತ್ತಿಗೆ ಹೆಂಡತಿ ಸುದ್ದಿ ಹೇಳಿದಳು. ಮಗಳು ಅಜ್ಜಿಯ ಊರಿಗೆ ಹೋಗುತ್ತಾಳಂತೆ. ಅಜ್ಜಿ, ಅಂದರೆ ತೀರಿಕೊಂಡ ಅಪ್ಪನ ತಾಯಿ. ಮುಂದಿನ ಎರಡು ವರ್ಷ ಅಲ್ಲೇ ಓದು. ಶಾಲೆ ಬಿಡುವ ಅರ್ಜಿ ತಂದಿಟ್ಟುಕೊಂಡಿದ್ದಾಳೆ. ಮೂವತ್ತನೇ ತಾರೀಖು ಸಂಜೆ ಐದರೊಳಗೆ ಆಫೀಸಿಗೆ ಕೊಡಬೇಕು. ಕೊಡದಿದ್ದರೆ ಇಲ್ಲೇ ಮುಂದುವರಿಕೆ.

"ಬೇಡ ಅಂದ್ರೆ ಅಪ್ಪನ ಕಡೆಯೋರಿಂದ ದೂರ ಮಾಡ್ದೆ ಅಂತಾಳೆ. ಹೂಂ ಅಂದ್ರೆ ನಿಮಗೋಸ್ಕರ ನನ್ನ ಕಳಿಸ್ದೆ ಅಂತಾಳೆ. ನೀವೇ ಕೇಳಿ ನೋಡ್ರೀ. ಮಾತಲ್ಲೇ ಅಂಗಡಿ ಕಟ್ಟಿದೋರಲ್ವಾ."

ಮಗಳು ಹೋದರೆ ಇವಳು ಅರ್ಧ ಆಗುತ್ತಾಳೆ. ನಾನೂ... ಐದೂವರೆಗೆ ನಾನು ಯಾರ ಎದುರು ಕೂರಲಿ?

ಮೇ 10

ಕೇಳಿದೆ. ಹೊಸ ಲ್ಯಾಪ್‌ಟಾಪ್, ಓದುವ ಮೇಜು, ಗಾಳಿ ಬರುವ ಆ ದೊಡ್ಡ ರೂಮು... ಒಂದೊಂದಾಗಿ ಮುಂದಿಟ್ಟೆ. ಪೂರ್ತಿ ಕೇಳಿಸಿಕೊಂಡಳು.

"ಈ ಆಫರ್ ಯಾವತ್ತಿನವರೆಗೂ ಅಂಕಲ್?"

ಗಿರಾಕಿಗೆ ಹೇಳುವ ಧಾಟಿಯಲ್ಲೇ ಹೇಳಿದ್ದೆ ಅಂತ ಆಗ ಹೊಳೆಯಿತು.

ಮೇ 18, ಸಂಜೆ 5.50

ಎಂಟು ದಿನ ಆಟ ಇಲ್ಲ. ಅವಳಿಗೆ ತಲೆನೋವಂತೆ. ದಿನಾ, ಸರಿಯಾಗಿ ಐದೂವರೆಗೆ.

ಒಬ್ಬನೇ ಲ್ಯಾಪ್‌ಟಾಪ್ ತೆರೆದೆ. ಶಾಖೆ-3ರ ನಿಷ್ಠೆಯ ಅಂಕಿಯ ಮೇಲೆ ಸುಮ್ಮನೆ ಒತ್ತಿದೆ. ಒಳಗೆ ಪೂರಾ ಲೆಕ್ಕ! ಗೆದ್ದ ಊರು: ಕಳೆ 3. ಪಕ್ಕದ ಊರಿನ ಸೆಳೆತ: ಕಳೆ 4. ದಂಡು, ಸಂತೆ: ಕೂಡು 3. ಹೆಸರು ಬದಲಾವಣೆ: ಕಳೆ 8. ಎಂಟು! ಪ್ರತಿ ಟರ್ನಿಗೂ! ಗಿರಾಕಿಗಳಿಗೆಲ್ಲ 'ಮೊದಲು ಮ್ಯಾನ್ಯುಯಲ್ ಓದಿ ಸ್ವಾಮಿ' ಅನ್ನುವ ನಾನು ಇದನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ.

ಅವಳ ರೂಮಿನ ಬಾಗಿಲಲ್ಲಿ ನಿಂತೆ. "ಹೆಸರಿನ ವಿಷಯ ಗೊತ್ತಿತ್ತಾ ನಿಂಗೆ?"

"ಮೊದಲ್ನೇ ದಿನದಿಂದ."

"ಹೇಳ್ಬಾರ್ದಾ?"

"ನೀವು ಕೇಳಿದ್ರಾ? ಬಂದ ತಕ್ಷಣ ಚೀಟಿ ಅಂಟಿಸಿಬಿಡ್ತೀರ."

ಆಟದಲ್ಲಿ ಚೀಟಿ ಎಲ್ಲಿದೆ?

ಮೇ 19

ಹೆಂಡತಿಯನ್ನು ಹಿಡಿದು ಕೂರಿಸಿ ಚೀಟಿಯ ವಿಷಯ ಕೇಳಿದೆ. ಹೇಳಿದಳು.

"ಅವಳು ಆಗ ನಾಲ್ಕನೇ ಕ್ಲಾಸು. ಅಪ್ಪ ಮಗಳು ಕೂತು ಡಬ್ಬಕ್ಕೆಲ್ಲ ಚೀಟಿ ಬರೆದ್ರು. ಆ ಎರಡು ಅದಲುಬದಲಾಯ್ತು. ಕೀಳೋಕೆ ಹೋದ್ರೆ ಅವರು ಬಿಡ್ಲಿಲ್ಲ. 'ಇರಲಿ ಬಿಡೇ, ಮನೆಯೋರು ಯಾರು, ಹೊಸಬರು ಯಾರು ಗೊತ್ತಾಗುತ್ತೆ' ಅಂದ್ರು. ಬಂದೋರು ಅಡುಗೆಮನೆಗೆ ಕೈ ಹಾಕಿದ್ರೆ ಉಪ್ಪಿನ ಟೀನೇ ಗತಿ. ಇವರಿಬ್ಬರೂ ಬಾಯಿ ಮುಚ್ಕೊಂಡು ನೋಡ್ತಾ ಕೂರೋರು."

"ನಂಗ್ಯಾಕೆ ಹೇಳ್ಲಿಲ್ಲ ನೀನು?"

"ಹಾಡು ಗುನುಗ್ತಾ ಅಂಟಿಸ್ತಿದ್ರಿ ಕಣ್ರೀ. ಹೇಗೆ ಹೇಳ್ಲಿ?"

ಹಳೇ ಚೀಟಿಗಳನ್ನು ಕಸದ ಬುಟ್ಟಿಗೆ ಹಾಕಿದ್ದು ಇದೇ ಕೈ.

ಮೇ 22

ಮೂರೂ ಊರಿಗೆ ಹಳೇ ಹೆಸರು ವಾಪಸ್. ಟರ್ನಿಗೆ ಹನ್ನೆರಡು ಇಳಿಯುತ್ತಿದ್ದ ನಿಷ್ಠೆ ಈಗ ನಾಲ್ಕೇ ಇಳಿಯುತ್ತದೆ. ಇಳಿಯುವುದೇನೋ ನಿಂತಿಲ್ಲ.

ಆ ಹುರುಪಿನಲ್ಲೇ ಮೆಷಿನ್ ತೆಗೆದು ಸಕ್ಕರೆ ಡಬ್ಬಕ್ಕೆ 'ಉಪ್ಪು', ಉಪ್ಪಿನದಕ್ಕೆ 'ಸಕ್ಕರೆ' ಅಂಟಿಸಿದೆ. ಅವಳು ನೀರು ಕುಡಿಯಲು ಬಂದವಳು ನೋಡಿದಳು. ಉಗುರಿನಿಂದ ಚೀಟಿಯ ಅಂಚು ಕೆರೆದಳು.

"ಡೂಪ್ಲಿಕೇಟ್ ಪಾರ್ಟ್ ಹಾಕಿದೀರಾ, ಅಂಕಲ್?"

ಎರಡನ್ನೂ ಕಿತ್ತೆಸೆದೆ. ಈಗ ಆ ಡಬ್ಬಗಳು ಬೋಳು. ತಯಾರಿಸುವವನೇ ಇಲ್ಲದ ಮೇಲೆ ಒರಿಜಿನಲ್ ಎಲ್ಲಿಂದ ತರಲಿ? ತಲೆ ಚಚ್ಚಿಕೊಳ್ಳುವ ಹಾಗಾಗಿದೆ.

ಮೇ 28

ಅವಳು ಅರ್ಜಿ ತುಂಬಿಟ್ಟಳು. ಹೆಂಡತಿ ಸಹಿ ಹಾಕಿದಳು, ಹಾಕಿ ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು. ನನ್ನಲ್ಲಿ ಮಾತಿನ ಸ್ಟಾಕ್ ಖಾಲಿ.

ಮೇ 30, ಬೆಳಿಗ್ಗೆ 7.30

ಟೀ ಮಾಡಿದೆ. ಕನ್ನಡಕ ಹಾಕಿರಲಿಲ್ಲ. ಎರಡು ಬೋಳು ಡಬ್ಬ, ಒಂದೇ ಗಾತ್ರ. ಮೂರು ಲೋಟಕ್ಕೂ ಧಾರಾಳವಾಗಿ ಎರಡೆರಡು ಚಮಚ. ರಾಣಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ತನ್ನ ಲೋಟ ಹಾಗೇ ಹಿಡಿದು ನಿಂತಳು.

ಹೆಂಡತಿ ಸಿಂಕಿಗೆ ಓಡಿದಳು. ನಾನು ನುಂಗಿಬಿಟ್ಟಿದ್ದೆ. ನನ್ನ ಮುಖ ನೋಡಿ ರಾಣಿ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಆ ನೀರು ನಿಲ್ಲಲೇ ಇಲ್ಲ; ಅಮ್ಮ ಬಂದು ಅವಳ ತಲೆ ಎದೆಗೊತ್ತಿಕೊಂಡಳು.

"ನೋಡ್ತಾ ನಿಂತಿದ್ಯಲ್ಲ, ಹೇಳ್ಬಾರ್ದಾ?" ಅಂದೆ.

"ಹೇಳೋ ಹಾಗಿಲ್ಲ. ರೂಲ್ಸು."

ಮೂಗು ಒರೆಸಿಕೊಂಡು ಹೋಗಿ ಮಾರ್ಕರ್ ತಂದಳು. ಎರಡು ಡಬ್ಬದ ಮೇಲೂ ತಾನೇ ಬರೆದಳು. ಅದಲುಬದಲಾಗಿ.

"ಇನ್ಮೇಲೆ ಯಾರಾದ್ರೂ ಬಂದು ಟೀ ಮಾಡಿದ್ರೆ ನೀವೂ ಬಾಯಿ ಬಿಡ್ಬಾರ್ದು."

ಅಂಗಡಿಗೆ ಹೊರಡುವಾಗ ತುಂಬಿದ ಅರ್ಜಿ ಫ್ರಿಜ್ಜಿನ ಮೇಲೇ ಇತ್ತು.

ಮೇ 30, ಸಂಜೆ 5.40

ಬಂದೆ. ಫ್ರಿಜ್ಜಿನ ಮೇಲೆ ಅರ್ಜಿ ಇಲ್ಲ. ಹೆಂಡತಿ ಮೇಜಿನ ಕಡೆ ಹುಬ್ಬು ಹಾರಿಸಿದಳು. ಲ್ಯಾಪ್‌ಟಾಪ್ ತೆರೆದಿತ್ತು. ಮೌಸ್ ಜಾರದಿರಲಿ ಅಂತ ಕೆಳಗೆ ಒಂದು ಹಾಳೆ, ನಾಲ್ಕು ಮಡಿಕೆ ಮಾಡಿದ್ದು. ಮಡಿಕೆಯ ಅಂಚಿನಲ್ಲಿ ಹೆಂಡತಿಯ ಅರ್ಧ ಸಹಿ.

ಶಾಲೆಯ ಆಫೀಸು ಐದಕ್ಕೇ ಮುಚ್ಚಿತು. ನಾನು ಏನೂ ಕೇಳಲಿಲ್ಲ. ಕೇಳುವುದೂ ಇಲ್ಲ.

ಚಪ್ಪಲಿಕೋಟೆ: ನಿಷ್ಠೆ 44, ಟರ್ನಿಗೆ ಕಳೆ ನಾಲ್ಕು. ಹನ್ನೊಂದು ಟರ್ನ್ ಕೈಯಲ್ಲಿದೆ. ಅಷ್ಟರಲ್ಲಿ ಏನಾದರೂ...

ಮೇಜು ಕುಟ್ಟುತ್ತಿದ್ದಾಳೆ. "ಅಂಕಲ್, ನಿಮ್ ಟರ್ನು! ಅದೇನು ಅಷ್ಟೊಂದು ಬರೀತಿದೀರಾ, ಕೊಡಿ ಇಲ್ಲಿ—"