ಎಣಿಕೆಗಾರನ ನಾಲ್ಕನೆಯ ಪುಸ್ತಕ

ಮೂರನೇ ಮಹಡಿಯ ಮನೆಯಿಂದ,
ಮಾರ್ಚ್ ಹನ್ನೊಂದು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಚಿಕ್ಕಪ್ಪ,

ಮಣಿಕಟ್ಟಿನ ನೋವು ಹೇಗಿದೆ? ಪ್ಲಾಸ್ಟರ್ ತೆಗೆದ ಮೇಲೆ ಬೆರಳು ಪೂರ್ತಿ ಮಡಚಲು ಬರುತ್ತಿದೆಯೇ? ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ದಿನಾ ಒತ್ತುತ್ತಿದ್ದೀರೋ, ಇಲ್ಲ ಆಗಲೇ ಪಕ್ಕದ ಮನೆಯ ಯಾವುದಾದರೂ ಮಗುವಿಗೆ ದಾನ ಮಾಡಿ ಕೂತಿದ್ದೀರೋ? ಕಣ್ಣಿನ ಹನಿಯನ್ನು ಹೊತ್ತಿಗೆ ಸರಿಯಾಗಿ ಮೂರು ಸಲ ಹಾಕಿಕೊಳ್ಳಬೇಕು, ನೆನಪಾದಾಗ ಅಲ್ಲ. ಈ ಪತ್ರವನ್ನು ನಿಮಗೆ ಓದಿ ಹೇಳುವವರು ಅತ್ತೆ ಎಂದು ಗೊತ್ತಿರುವುದರಿಂದ ಅವರಿಗೂ ಇಲ್ಲೇ ನಮಸ್ಕಾರ ಹೇಳಿಬಿಡುತ್ತೇನೆ. ಅತ್ತೆ, ನಿಮ್ಮ ಮಂಡಿ ಹೇಗಿದೆ? ನಿಮ್ಮಲ್ಲಿ ಒಂದು ಬೇಡಿಕೆ. ತಮ್ಮನಿಗೆ ಬೇಜಾರಾಗುತ್ತದೆ ಎಂದು ನಡುವೆ ಸಾಲು ಹಾರಿಸಬೇಡಿ. ಹಾರಿಸುವ ಮುಂಚೆ ನೀವು ಕೆಮ್ಮುತ್ತೀರಿ, ಅದು ಅವರಿಗೆ ಗೊತ್ತು.

ಇಲ್ಲಿ ಎಲ್ಲವೂ ಇದ್ದ ಹಾಗೇ ಇದೆ. ಅಡುಗೆಮನೆಯ ನಲ್ಲಿ ಇನ್ನೂ ತೊಟ್ಟಿಕ್ಕುತ್ತಿದೆ, ಕೆಳಗೆ ಪಾತ್ರೆ ಇಟ್ಟು ಆ ನೀರನ್ನು ಕಿಟಕಿಯ ಗಿಡಕ್ಕೆ ಹಾಕುತ್ತಿದ್ದೇನೆ. ನಿಮ್ಮ ಕೆಲಸದ ಕೋಟು ಬಾಗಿಲ ಹಿಂದೆಯೇ ನೇತಾಡುತ್ತಿದೆ. ಅದರ ಜೇಬಿನಲ್ಲಿ ಉಳಿದಿದ್ದ ನಾಲ್ಕು ಪೆಪ್ಪರಮೆಂಟನ್ನು ನಾನೇ ತಿಂದೆ, ಹುಡುಕಬೇಡಿ. ಟೈಲರ್ ಅಂಗಡಿಯಲ್ಲಿ ಶಾಲೆಯ ಯೂನಿಫಾರಂ ಕೆಲಸ ಶುರುವಾಗಿದೆ, ದಿನಕ್ಕೆ ಇನ್ನೂರು ಕಾಜಾ ಹೊಲಿಯುತ್ತಿದ್ದೇನೆ. ಗುಂಡಿಯ ತೂತು ಹೊಲಿದೂ ಹೊಲಿದೂ ಹೆಬ್ಬೆರಳಿನ ತುದಿ ಕಲ್ಲಾಗಿದೆ. ಮಾಸ್ಟರು ಮೊನ್ನೆ ಒಂದು ಅಂಗಿ ಎತ್ತಿ ಹಿಡಿದು, "ನಿನ್ನ ಕಥೆ ಎಲ್ಲಿಂದೆಲ್ಲಿಗೋ ಹೋಗುತ್ತೆ, ಕಾಜಾ ಮಾತ್ರ ನೆಟ್ಟಗಿರುತ್ತೆ ಕಣಮ್ಮ" ಎಂದರು. ಎಲ್ಲರೂ ನಕ್ಕರು. ನಾನು ಎಂದಿನ ಹಾಗೆ ತಲೆ ತಗ್ಗಿಸಿಕೊಂಡು ದಾರ ಪೋಣಿಸಿದೆ. ನೀವು ಇದ್ದಿದ್ದರೆ ಸಂಜೆ ಅದನ್ನೇ ಹೇಳಿ ಹೇಳಿ ರೇಗಿಸುತ್ತಿದ್ದಿರಿ.

ವಿಷಯಕ್ಕೆ ಬರುತ್ತೇನೆ. ಪ್ರಕಾಶಕಿ ಮೇಡಂ ನಾಲ್ಕನೆಯ ಪುಸ್ತಕ ಕೇಳುತ್ತಿದ್ದಾರೆ. ಮೂರನೆಯದರ ಕೊನೆಯಲ್ಲಿ ಎಣಿಕೆಗಾರ ಮೆಟ್ಟಿಲಿನ ಮೇಲೆ ಲೆಕ್ಕ ತಪ್ಪಿ ನಿಂತುಬಿಟ್ಟಿದ್ದಾನಲ್ಲ, ಮುಂದೆ ಏನಾಯಿತು ಎಂದು ಕೇಳಿ ಮಕ್ಕಳು ಬರೆದ ಕಾಗದಗಳನ್ನು ಒಂದು ಚೀಲದಲ್ಲಿ ತುಂಬಿ ಕಳಿಸಿದ್ದಾರೆ. ಅತ್ತೆ ನನ್ನ ಪುಸ್ತಕ ಓದಿಲ್ಲ. ಹೀಗಾಗಿ ಅವರಿಗಾಗಿ ಎರಡು ಮಾತು. ಮರೆವಿನ ಗೋಪುರ ಎಂದು ಒಂದಿದೆ. ಅದರ ಮೆಟ್ಟಿಲುಗಳನ್ನು ಒಬ್ಬ ಎಣಿಕೆಗಾರ ದಿನಾ ಎಣಿಸುತ್ತಾ ಹತ್ತುತ್ತಾನೆ. ಅವನು ಎಷ್ಟನೇ ಮೆಟ್ಟಿಲಿನಲ್ಲಿ ನಿಲ್ಲುತ್ತಾನೋ ಊರಿನಲ್ಲಿ ಅಷ್ಟು ವಯಸ್ಸಿನವರೆಲ್ಲ ತಮ್ಮ ಹೆಸರನ್ನು ಮರೆತುಬಿಡುತ್ತಾರೆ. ಅವನನ್ನು ತಡೆಯಲು ಇರುವುದು ಒಂದೇ ಉಪಾಯ. ಕೆಳಗೆ ನಿಂತು ತಪ್ಪು ಅಂಕಿ ಕೂಗಬೇಕು. ಲೆಕ್ಕ ತಪ್ಪಿದರೆ ಅವನು ಕೆಳಗಿಳಿದು ಮತ್ತೆ ಒಂದರಿಂದ ಶುರು ಮಾಡಬೇಕು. ನನ್ನ ಕಥೆಯ ಹುಡುಗಿ ಹಾಗೆ ಕೂಗಿಯೇ ಒಂಬತ್ತು ವರ್ಷದ ಮಕ್ಕಳನ್ನೆಲ್ಲ ಉಳಿಸಿಕೊಳ್ಳುತ್ತಾಳೆ.

ಇದನ್ನೆಲ್ಲ ನಾನು ಎಲ್ಲಿಂದ ತಂದೆ ಎಂದು ಅತ್ತೆಗೆ ಈಗ ಗೊತ್ತಾಗಿರಬೇಕು. ನೀವು ಕೆಲಸದಿಂದ ಬರುವಾಗ ಕೆಳಗಿನಿಂದಲೇ ನಿಮ್ಮ ದನಿ ಕೇಳುತ್ತಿತ್ತು. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು. ಐವತ್ತೊಂದು ಎಂದಾಗ ನಾನು ಬಾಗಿಲು ತೆರೆಯುತ್ತಿದ್ದೆ. ಬೀದಿ ಬೀದಿಯ ಮೆಟ್ಟಿಲು ನಿಮಗೆ ಬಾಯಿಪಾಠ. ಹಳದಿ ಬಿಲ್ಡಿಂಗು ಮೂವತ್ತೆಂಟು, ಬೇಕರಿಯ ಮೇಲಿನ ಮನೆ ಹದಿನಾರು, ಅದರಲ್ಲಿ ಏಳನೆಯದು ಒಡೆದಿದೆ. ಮೀಟರ್ ರೀಡರ್ ಕೆಲಸದವರಿಗೆ ಅಂಕಿಯ ಹುಚ್ಚು ಇರುತ್ತದೆ ಎಂದುಕೊಂಡಿದ್ದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಮೂಲೆ ಹಿಡಿದವಳಿಗೆ ನೋಡಲು ಇದ್ದ ಮನುಷ್ಯರು ನೀವೊಬ್ಬರೇ. ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳಿದರೆ ನನ್ನ ಬಾಯಿ ಕಟ್ಟಿಹೋಗುತ್ತದೆ ಎಂದು ಅತ್ತಾಗ, "ಸರಿ ಬಿಡು, ಬಾಯಿ ಬೇಡ, ಕೈಯಲ್ಲಿ ಬರಿ" ಎಂದು ಹಳೆಯ ಮೀಟರ್ ಹಾಳೆಗಳ ಕಟ್ಟು ತಂದು ಕೊಟ್ಟವರು ನೀವು. ಆ ಹಾಳೆಗಳ ಬೆನ್ನಿಗೆ ನಾನು ನಿಮ್ಮನ್ನೇ ಬರೆದೆ. ಬರೆದು ಕೆಟ್ಟವನನ್ನಾಗಿ ಮಾಡಿದೆ. ಕಥೆಗೆ ಒಬ್ಬ ಕೆಟ್ಟವನು ಬೇಕಿತ್ತು, ಅಷ್ಟೇ.

ಮೊದಲ ಪುಸ್ತಕ ಬಂದ ವಾರ ನೀವು ಅದನ್ನು ಭೂತಗನ್ನಡಿ ಹಿಡಿದು ಓದಿದಿರಿ. ಅಕ್ಷರ ಸಣ್ಣದು ಅಂದಿರಿ, ನಾನೂ ನಂಬಿದೆ. ಊಟದ ಹೊತ್ತಿಗೆ ತಟ್ಟೆಯಿಂದ ತಲೆ ಎತ್ತದೆ, "ಏ ಇಲಿಮರಿ, ಈ ಎಣಿಸೋನು ನಾನೇ ಅಲ್ವೇನೇ?" ಎಂದು ಕೇಳಿದಿರಿ. ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. "ಅಯ್ಯೋ ಇಲ್ಲ ಚಿಕ್ಕಪ್ಪ, ಸುಮ್ನೆ ಕಲ್ಪನೆ" ಎಂದುಬಿಟ್ಟೆ. ನೀವು "ಹಾಗಾದ್ರೆ ಸರಿ" ಎಂದು ನೀರು ಕುಡಿದಿರಿ. ಕೋಪ ಬಂದಿದ್ದರಿಂದ ಕೇಳಿದಿರಿ ಎಂದೇ ನಾನು ಎಷ್ಟೋ ದಿನ ಅಂದುಕೊಂಡಿದ್ದೆ. ಆಸೆಯಿಂದ ಕೇಳಿದ್ದಿರಿ ಎಂದು ತಿಳಿದದ್ದು ಬೇಕರಿಯವನು ಹೇಳಿದ ಮೇಲೆ. ಮನೆ ಮನೆಗೆ ಹೋದಾಗ ಮಕ್ಕಳಿಗೆಲ್ಲ, "ಆ ಎಣಿಕೆಗಾರ ಯಾರು ಅನ್ಕೊಂಡ್ರಿ, ನಾನೇ ಕಣ್ರೋ, ನನ್ನ ಮಗಳು ಬರೆದದ್ದು" ಎಂದು ಹೇಳುತ್ತಿದ್ದಿರಂತೆ. ಅಣ್ಣನ ಮಗಳು ಎನ್ನಲಿಲ್ಲ, ಮಗಳು ಎಂದಿರಿ. ಚಿಕ್ಕಪ್ಪ, ಅವನು ನೀವೇ. ಅವತ್ತು ಹೌದು ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಎಂದು ಈಗ ದಿನಾ ಕೇಳಿಕೊಳ್ಳುತ್ತೇನೆ.

ಆಮೇಲಿನದು ನಿಮಗೇ ಗೊತ್ತಿದೆ. ಆದರೂ ಬರೆಯುತ್ತೇನೆ, ಏಕೆಂದರೆ ನಾವಿಬ್ಬರೂ ಅದನ್ನು ಒಂದು ಸಲವೂ ಬಾಯಿಬಿಟ್ಟು ಆಡಿಲ್ಲ. ಮಕ್ಕಳು ನೀವು ಹತ್ತುವಾಗ ಕೆಳಗೆ ನಿಂತು ತಪ್ಪು ಅಂಕಿ ಕೂಗಲು ಶುರು ಮಾಡಿದರು. ಅವರಿಗೆ ಅದು ಆಟ, ನಿಮಗೂ ಆಟವೇ ಎಂದು ನಾವೆಲ್ಲ ನಂಬಿದ್ದೆವು. ಒಂದು ಸಂಜೆ ನೀವು ಶೂ ಬಿಚ್ಚುತ್ತಾ, "ಇವತ್ತು ಹಳದಿ ಬಿಲ್ಡಿಂಗಿನ ವಾನರ ಸೇನೆ ನನ್ನನ್ನ ಮೂರು ಸಲ ಕೆಳಗಿಳಿಸಿಬಿಡ್ತು ಕಣೆ" ಎಂದು ನಗುತ್ತಾ ಹೇಳಿದಿರಿ. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಣ್ಣು ನೆಟ್ಟಗೆ ಕಾಣುವ ಮನುಷ್ಯ ಲೆಕ್ಕ ತಪ್ಪಿದರೆ ಕೆಳಗಿಳಿದು ಮತ್ತೆ ಯಾಕೆ ಎಣಿಸಬೇಕು ಎಂದು ನನಗೆ ಹೊಳೆಯಲಿಲ್ಲ. ಮೂರು ಪುಸ್ತಕ ಬರೆದವಳಿಗೆ ಅಷ್ಟು ಹೊಳೆಯಲಿಲ್ಲ.

ಮಕ್ಕಳ ಕೂಗಿಗೆ ಲೆಕ್ಕ ತಪ್ಪಿ ಅದೇ ಮೆಟ್ಟಿಲಿನಿಂದ ನೀವು ಬಿದ್ದ ದಿನ, ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು "ಎಷ್ಟು ದಿನದಿಂದ ಹೀಗೆ?" ಎಂದು ಕೇಳಿದರು. ನೀವು ಮುರಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು, ಬಸ್ಸಿನ ಹೊತ್ತು ಹೇಳುವವರ ಹಾಗೆ, "ಮೆಟ್ಟಿಲು ಮಬ್ಬಾಗಿ ತುಂಬಾ ವರ್ಷ ಆಯ್ತು, ಅಂಕಿ ಕಾಣದೆ ಎರಡು ವರ್ಷ ಆಗಿರಬಹುದು" ಎಂದಿರಿ. ನಾನು ಮಂಚದ ಕಾಲ ಹತ್ತಿರ ನಿಂತಿದ್ದೆ. ಪಕ್ಕದಲ್ಲೇ ನಿಮ್ಮ ಆಫೀಸಿನವರೂ ನಿಂತಿದ್ದರು. ಆ ಒಂದು ಮಾತಿಗೆ ನಿಮ್ಮ ಕೆಲಸ ಹೋಯಿತು. ಮೀಟರಿನ ಅಂಕಿ ಹೇಗೆ ಓದುತ್ತಿದ್ದಿರಿ ಎಂದು ಅವರು ಕೇಳಿದಾಗ ನೀವು ಕುಡಿಯಲು ನೀರು ಕೇಳಿದಿರಿ. ಆಮೇಲೆ ನನಗೆ ಮಾತ್ರ ಹೇಳಿದಿರಿ. ಪ್ರತಿ ಮನೆಯಲ್ಲೂ ಮಗುವನ್ನು ಕರೆದು, "ಎಲ್ಲಿ, ನಿಂಗೆ ಅಂಕಿ ಬರುತ್ತೋ ನೋಡೋಣ, ಓದು" ಎನ್ನುತ್ತಿದ್ದಿರಂತೆ. ಮಗು ಓದುತ್ತಿತ್ತು, ನೀವು ಬರೆದುಕೊಂಡು ಒಂದು ಪೆಪ್ಪರಮೆಂಟು ಕೊಡುತ್ತಿದ್ದಿರಿ. ಎರಡು ವರ್ಷದಲ್ಲಿ ಒಂದು ಅಂಕಿಯೂ ತಪ್ಪಾಗಿರಲಿಲ್ಲ. ಆ ಮಕ್ಕಳೇ ನಿಮಗೆ ಕಣ್ಣಾಗಿದ್ದರು. ಅವರ ಬಾಯಿಗೆ ತಪ್ಪು ಅಂಕಿ ಹಾಕಿಕೊಟ್ಟವಳು ನಾನು.

ಅತ್ತೆಯ ಊರಿನ ಬಸ್ಸು ಹತ್ತಿಸುವಾಗ ನೀವು ನನ್ನ ಕೈ ಹಿಡಿದು ಹೇಳಿದ್ದು ಒಂದೇ ಮಾತು. "ಕೈ ಮುರೀತು, ಅದಕ್ಕೆ ಕೆಲಸ ಬಿಟ್ಟ ಅಂತ ಹೇಳು ಎಲ್ಲರಿಗೂ. ಕಣ್ಣಿನ ಸುದ್ದಿ ಬೇಡ. ಆ ಮಕ್ಕಳ ಕಿವಿಗಂತೂ ಬೀಳೋದೇ ಬೇಡ, ಪಾಪ, ತಾವೇ ಬೀಳಿಸಿದ್ವಿ ಅಂತ ಕೊರಗ್ತಾವೆ." ನಾನು ಹೂಂ ಎಂದೆ.

ಆ ಹೂಂ ಅನ್ನು ನಾನು ಉಳಿಸಿಕೊಳ್ಳಲಿಲ್ಲ. ಕಳೆದ ತಿಂಗಳು ಮೇಡಂ ಟೈಲರ್ ಅಂಗಡಿಗೇ ಬಂದರು. ಹೊಲಿಗೆ ಯಂತ್ರಗಳ ಸದ್ದಿನ ನಡುವೆ ಸ್ಟೂಲಿನ ಮೇಲೆ ಕೂತು, "ಯಾಕಮ್ಮ ಬರೀತಿಲ್ಲ, ಏನಾಯ್ತು ನಿನಗೆ?" ಎಂದರು. ಯಾರ ಹತ್ತಿರವೂ ನಾಲ್ಕು ಮಾತು ಆಡದ ನಾನು ಅವತ್ತು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಎದೆಯ ಮೇಲಿನ ಭಾರ ಇಳಿಯಲಿ ಎಂದು ಹೇಳಿದ್ದು. ಅವರ ಕಣ್ಣಲ್ಲಿ ನೀರು ಬಂತು, ನಾಟಕವಲ್ಲ. ಕಣ್ಣೊರೆಸಿಕೊಂಡು ಅವರು, "ಇದೇ ಕಣಮ್ಮ ನಿನ್ನ ನಾಲ್ಕನೇ ಪುಸ್ತಕ. ಅವನು ಕೆಟ್ಟವನಲ್ಲ, ಕಣ್ಣು ಕಾಣದವನು. ಓದಿದವರು ಅತ್ತುಬಿಡ್ತಾರೆ" ಎಂದರು. ದಯವಿಟ್ಟು ಯಾರಿಗೂ ಹೇಳಬೇಡಿ ಎಂದು ಕೇಳಿಕೊಂಡೆ. "ನಾನ್ಯಾಕೆ ಹೇಳಲಿ, ಪುಸ್ತಕವೇ ಹೇಳುತ್ತಲ್ಲ" ಎಂದು ನನ್ನ ಬೆನ್ನು ತಟ್ಟಿ ಹೋದರು.

ಚಿಕ್ಕಪ್ಪ, ನಾನು ಮನೆಗೆ ಬಂದು ಅದನ್ನು ಬರೆದೆ. ಒಂದು ಅಧ್ಯಾಯ, ನಲವತ್ತು ಹಾಳೆ, ನಾಲ್ಕು ಭಾನುವಾರ. ಎಣಿಕೆಗಾರ ಮೆಟ್ಟಿಲಿನ ಮೇಲೆ ಕೂತು, ಕೆಳಗಿನ ಹುಡುಗಿಗೆ, ತಾನು ಯಾರ ಹೆಸರನ್ನೂ ಕಸಿಯಲು ಹತ್ತುತ್ತಿರಲಿಲ್ಲ, ಮನೆಗೆ ಹೋಗುತ್ತಿದ್ದೆ ಅಷ್ಟೇ ಎಂದು ಹೇಳುತ್ತಾನೆ. ನಾನು ಇದುವರೆಗೆ ಬರೆದದ್ದರಲ್ಲಿ ಅಷ್ಟು ಚೆನ್ನಾಗಿರುವುದು ಬೇರೆ ಇಲ್ಲ. ನಿಮ್ಮಲ್ಲಿ ಮುಚ್ಚಿಟ್ಟು ಏನು ಪ್ರಯೋಜನ, ಬರೆಯುವಾಗ ನನಗೆ ದುಃಖವಾಗಲಿಲ್ಲ. ಸಂತೋಷವಾಯಿತು. ಪದಗಳು ತಾವಾಗಿಯೇ ಬಂದು ಕೂರುತ್ತಿದ್ದವು. ಮೂರನೆಯ ಭಾನುವಾರ ಹಸಿವೆಯೂ ಗೊತ್ತಾಗಲಿಲ್ಲ. ನಿಮ್ಮ ಕತ್ತಲೆಯನ್ನು ಹಿಡಿದುಕೊಂಡು ನಾನು ಸಂತೋಷವಾಗಿದ್ದೆ. ಇದನ್ನು ನೆನೆದರೆ ನನಗೆ ನನ್ನ ಮುಖ ನೋಡಿಕೊಳ್ಳಲು ಆಗುವುದಿಲ್ಲ.

ಗುರುವಾರ ಮೇಡಂಗೆ ತೋರಿಸಬೇಕು. ಅದಕ್ಕೇ ಈ ಪತ್ರ. ನಿಲ್ಲಿಸಿಬಿಟ್ಟರೆ ಆ ಮೂರು ಪುಸ್ತಕಗಳಲ್ಲಿ ನೀವು ಯಾವತ್ತಿಗೂ ಕೆಟ್ಟವರಾಗಿಯೇ ಉಳಿಯುತ್ತೀರಿ. ಇನ್ನು ಹತ್ತು ವರ್ಷ ಬಿಟ್ಟು ಓದುವ ಮಗುವೂ ನಿಮಗೆ ಹೆದರುತ್ತದೆ, ನಿಮ್ಮ ಮೇಲೆ ತಪ್ಪು ಅಂಕಿ ಕೂಗುತ್ತದೆ. ಮುಂದುವರಿಸಿದರೆ ನೀವು ಒಳ್ಳೆಯವರಾಗುತ್ತೀರಿ. ಆದರೆ ಹಳದಿ ಬಿಲ್ಡಿಂಗಿನ ಮಕ್ಕಳು ಅದನ್ನು ಮೊದಲ ದಿನವೇ ಕೊಂಡು ಓದುತ್ತಾರೆ. ಎಣಿಕೆಗಾರ ಯಾರು ಎಂದು ನೀವೇ ಅವರಿಗೆ ಹೇಳಿದ್ದೀರಿ. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ ಎಂದು ನಾನು ಹೇಳುತ್ತೇನೆ. ಉಳಿದದ್ದನ್ನು ಅವರೇ ಕೂಡಿಸಿಕೊಳ್ಳುತ್ತಾರೆ. ಮೊನ್ನೆ ಮೆಟ್ಟಿಲಿನ ಬಳಿ ಅವರಲ್ಲಿ ಒಬ್ಬಳು, ಮುಂದಿನ ಹಲ್ಲು ಬಿದ್ದವಳು, "ಅಕ್ಕ, ಮೀಟರ್ ಮಾಮ ಯಾವಾಗ ಬರ್ತಾರೆ? ನಾವು ಈಗ ಸರಿಯಾಗೇ ಎಣಿಸ್ತೀವಿ ಅಂತ ಹೇಳಿ" ಎಂದಳು. ಕೈ ನೋವು ಇನ್ನೂ ಇದೆ ಪುಟ್ಟಿ ಎಂದು ಹೇಳಿ ಮೇಲೆ ಬಂದುಬಿಟ್ಟೆ.

ಕಣ್ಣಿನ ವಿಷಯ ಬಿಟ್ಟು ಬೇರೆ ಏನಾದರೂ ಬರೆದರಾಯಿತಲ್ಲ ಎಂದು ಅತ್ತೆ ಕೇಳಬಹುದು. ಆರು ಸಲ ಬರೆದು ನೋಡಿದೆ ಅತ್ತೆ. ಅವನು ಯಾಕೆ ಎಣಿಸುತ್ತಾನೆ ಎಂಬುದು ತಿಳಿದ ಮೇಲೆ ಬೇರೆ ಕಾರಣ ಕೊಟ್ಟರೆ ನನ್ನ ಕೈಗೇ ಸುಳ್ಳು ಎಂದು ಗೊತ್ತಾಗುತ್ತದೆ, ಪೆನ್ನು ಅಲ್ಲೇ ನಿಲ್ಲುತ್ತದೆ. ಚಿಕ್ಕಪ್ಪ, ನೀವು ಏನು ಹೇಳುತ್ತೀರಿ? ಬರೆಯಲೋ, ಬಿಡಲೋ? ಅತ್ತೆಯ ಕೈಯಲ್ಲಿ ಒಂದು ಸಾಲು ಬರೆಸಿ ಹಾಕಿ.

ಬೆಚ್ಚಗೆ ಇರಿ. ಅತ್ತೆಯ ಮನೆಯ ಮೆಟ್ಟಿಲನ್ನು ಜೋರಾಗಿಯೇ ಎಣಿಸಿ, ಅಲ್ಲಿ ಯಾರೂ ನನ್ನ ಪುಸ್ತಕ ಓದಿರಲಿಕ್ಕಿಲ್ಲ. ಅತ್ತೆಯ ಕಾಲಿಗೆ ನನ್ನ ನಮಸ್ಕಾರ. ನಿಮ್ಮ ಕೈ ನನ್ನ ತಲೆಯ ಮೇಲಿದೆ ಎಂದುಕೊಂಡು ಮುಗಿಸುತ್ತೇನೆ.

ನಿಮ್ಮ
ಇಲಿಮರಿ

ಮರೆತ ಮಾತು: ಲಕೋಟೆ ಅಂಟಿಸುವ ಮುಂಚೆ ಒಂದು ಸಲ ಓದಿ ನೋಡಿದೆ. ನಿಮ್ಮನ್ನು ಕೇಳಿದ್ದೇ ತಪ್ಪು. ನೀವು "ಬರಿ ಬರಿ, ನಂಗೇನಾಗುತ್ತೆ" ಎನ್ನುತ್ತೀರಿ. ನನಗೆ ಬೇಡ ಎಂದು ನೀವು ಯಾವತ್ತು ಹೇಳಿದ್ದೀರಿ? ಅದು ಗೊತ್ತಿದ್ದೇ ಕೇಳಿದೆ ಅನ್ನಿಸಿ ನಾಚಿಕೆಯಾಯಿತು. ಅದಕ್ಕೇ ಉತ್ತರ ಬೇಡ. ಆ ನಲವತ್ತು ಹಾಳೆಗಳನ್ನು ದಾರದಲ್ಲಿ ಹೊಲಿದು ಇದರೊಳಗೇ ಇಟ್ಟಿದ್ದೇನೆ. ಬೇರೆ ಪ್ರತಿ ಇಲ್ಲ, ಯಾರೂ ಓದಿಲ್ಲ. ಅತ್ತೆ, ಚಿಕ್ಕಪ್ಪ ಕೇಳಿದರೆ ಓದಿ, ಕೇಳದಿದ್ದರೆ ಒಲೆಗೆ ಹಾಕಿ. ಈಗಷ್ಟೇ ಕೆಳಗೆ ಹೋಗಿ ಮೇಡಂಗೆ ಫೋನ್ ಮಾಡಿ ಬಂದೆ. ನಾಲ್ಕನೆಯದು ಇಲ್ಲ, ಕೂತರೆ ಏನೂ ಬರುತ್ತಿಲ್ಲ ಎಂದು ಹೇಳಿದೆ. ಅವರು, "ಹೋಗಲಿ ಬಿಡಮ್ಮ, ಐದನೇ ಕ್ಲಾಸು ಓದಿದವಳಿಗೆ ಮೂರು ಪುಸ್ತಕವೇ ಹೆಚ್ಚು" ಎಂದರು. ನಾನು ಹೌದು ಮೇಡಂ ಎಂದೆ.