ಕೊಬ್ಬು ಎಂಬ ಪದದ ವಿಷಯವಾಗಿ

ಮನೆಯಿಂದ,
ಸೋಮವಾರ ಬೆಳಿಗ್ಗೆ

ಮಗಳೇ,

ನಿನ್ನ ತಂದೆಯಾದ ನಾನು ಮೊದಲು ಆಶೀರ್ವದಿಸಿ, ತದನಂತರ ಆಕ್ಷೇಪಿಸಿ, ಅರಿಕೆ ಮಾಡಿಕೊಳ್ಳುವುದೇನೆಂದರೆ:

ಕೋರ್ಟಿನ ಜಗುಲಿಯಲ್ಲಿ ಕುಳಿತು ಊರವರ ಅರ್ಜಿಗಳನ್ನೆಲ್ಲ ಬರೆದುಕೊಟ್ಟವನು ನಾನು. ಸ್ವಂತಕ್ಕೆಂದು ಬರೆಯುತ್ತಿರುವ ಮೊದಲ ಅರ್ಜಿ ಇದು. ಅದೂ ಹೆತ್ತ ಮಗಳಿಗೆ. ಫೋನಿನಲ್ಲಿ ನಿನ್ನೊಡನೆ ಮಾತನಾಡುವುದಿಲ್ಲವೆಂದು ಹೇಳಿಯಾಗಿದೆ. ಮಾತಿಗೆ ತಪ್ಪುವುದು ನನ್ನ ಜಾಯಮಾನವಲ್ಲ, ಆದ್ದರಿಂದ ಕಾಗದ.

ನೀನು ನಿನ್ನ ಪ್ರಯೋಗಾಲಯಕ್ಕೆ ನನ್ನನ್ನು ಕರೆದೊಯ್ದು ಹೃದಯದ ಚಿತ್ರ ತೆಗೆಯುವ ಯಂತ್ರದೊಳಗೆ ಮಲಗಿಸಿದ್ದು ಸರಿಯಷ್ಟೆ. ಮರುದಿನ ಊಟದ ಮೇಜಿನಲ್ಲಿ, ನಿನ್ನ ಚಿಕ್ಕಪ್ಪನ ಎದುರಿಗೇ, ಅಪ್ಪಾ, ನಿಮ್ಮ ಎದೇಲಿ ಕೊಬ್ಬು ತುಂಬಿದೆ ಎಂದೆ. ಇದಕ್ಕೆ ಯಂತ್ರ ಬೇಕಿತ್ತೇನಮ್ಮಾ, ನನ್ನ ಕೇಳಿದ್ರೆ ಹೇಳ್ತಿದ್ದೆ ಎಂದು ಅವನು ನಕ್ಕ. ನಿನ್ನ ಅಮ್ಮನೂ ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ತಟ್ಟೆ ಬಿಟ್ಟು ಎದ್ದೆ. ಅಂದಿನಿಂದ ನಮ್ಮಿಬ್ಬರಿಗೆ ಮಾತಿಲ್ಲ.

ಆಮೇಲೆ ನೀನು ಬಾಗಿಲಾಚೆ ನಿಂತು ಹೇಳಿದ್ದೆಲ್ಲ ನನಗೆ ಕೇಳಿಸಿದೆ. ಹೃದಯದ ಜೀವಕೋಶವು ಸಕ್ಕರೆ, ಕೊಬ್ಬು ಎರಡನ್ನೂ ಉರಿಸಿ ಬದುಕುತ್ತದೆಂದೂ, ಸಕ್ಕರೆ ಕಾಯಿಲೆಯಲ್ಲಿ ರಕ್ತದ ತುಂಬ ಸಕ್ಕರೆಯಿದ್ದರೂ ಅದು ಕೋಶದೊಳಕ್ಕೆ ಸರಿಯಾಗಿ ಹೋಗಲಾರದೆಂದೂ, ಆಗ ಕೋಶವು ಕೊಬ್ಬನ್ನೇ ನಂಬಿ, ಉರಿಸಲಾಗದಷ್ಟನ್ನು ಒಳಕ್ಕೆಳೆದುಕೊಂಡು, ಮಿಕ್ಕಿದ್ದು ಹನಿಹನಿಯಾಗಿ ಶೇಖರವಾಗಿ ಕೋಶವನ್ನೇ ಕೆಡಿಸುತ್ತದೆಂದೂ, ಹೃದಯ ಪೆಡಸಾಗುತ್ತದೆಂದೂ ನಿನ್ನ ವಾದ. ಕಡೆಗೆ, ಸಕ್ಕರೆ ಇರೋರಿಗೆ ಹೃದಯಾಘಾತ ಆದ್ರೂ ಎಷ್ಟೋ ಸಲ ನೋವೇ ಗೊತ್ತಾಗಲ್ಲ ಅಪ್ಪಾ, ಅದೇ ನನಗೆ ಭಯ ಎಂದೆ.

ನನ್ನ ಉತ್ತರ: ನನ್ನದು ಸಕ್ಕರೆ ಕಾಯಿಲೆ. ಸಕ್ಕರೆಯನ್ನು ಬಿಟ್ಟಿದ್ದೇನೆ. ಬೆಣ್ಣೆಯೂ ಕರಿದ ತಿಂಡಿಯೂ ಈ ವ್ಯಾಜ್ಯದಲ್ಲಿ ಪಕ್ಷಗಾರರಲ್ಲ. ಅವನ್ನು ಬಿಡುವ ಪ್ರಶ್ನೆ ಉದ್ಭವಿಸುವುದಿಲ್ಲ. ನೋವಿಲ್ಲದ ಕಾಯಿಲೆಯೆಂದರೆ ಸಾಕ್ಷಿಯಿಲ್ಲದ ಮೊಕದ್ದಮೆ, ವಜಾ ಆಗತಕ್ಕದ್ದು.

ನಾನು ಕ್ಷೇಮ. ಮಹಡಿಯ ಮೆಟ್ಟಿಲುಗಳು ಮಾತ್ರ ಈಚೆಗೆ ಏಕೋ ಕಡಿದಾಗಿವೆ. ಹತ್ತುವಾಗ ನಡುವೆ ಕುಳಿತು ಪತ್ರಿಕೆ ಓದುವ ಅಭ್ಯಾಸ ಮಾಡಿಕೊಂಡಿದ್ದೇನೆ. ಹೊಸ ಚಪ್ಪಲಿ ಸಂಜೆಯಾದರೆ ಕಾಲಿಗೆ ಬಿಗಿಯಾಗುತ್ತದೆ. ಅಂಗಡಿಯವನು ಟೋಪಿ ಹಾಕಿದ್ದಾನೆ. ಮಂಚದಲ್ಲಿ ಅಂಗಾತ ಮಲಗಿದರೆ ಗಾಳಿ ಸಾಲದು, ಆದ್ದರಿಂದ ಆರಾಮಕುರ್ಚಿಯಲ್ಲೇ ಒರಗುತ್ತೇನೆ. ಇದೇನ್ರೀ, ಕಾವಲುಗಾರನ ಹಾಗೆ ಕೂತ್ಕೊಂಡೇ ನಿದ್ದೆ ಮಾಡ್ತೀರಾ, ಮಗಳಿಗೆ ಹೇಳ್ತೀನಿ ಎಂದು ಅಮ್ಮ ಗದರಿಸುತ್ತಾಳೆ. ಹೇಳಕೂಡದೆಂದು ತಾಕೀತು ಮಾಡಿದ್ದೇನೆ.

ಆದಕಾರಣ ನೀನು ಖುದ್ದಾಗಿ ಹಾಜರಾಗಿ, ಚಿಕ್ಕಪ್ಪನ ಸಮಕ್ಷಮದಲ್ಲಿ ಆ ಪದವನ್ನು ಹಿಂತೆಗೆದುಕೊಳ್ಳಬೇಕೆಂದು ಕೋರುತ್ತೇನೆ.

ಯಾರಿಗೂ ವಿಧೇಯನಲ್ಲದ,
ನಿನ್ನ ತಂದೆ

ವಿ.ಸೂ.: ಲಕೋಟೆ ಅಂಟಿಸುವ ಮುನ್ನ ಇಷ್ಟನ್ನು ಸೇರಿಸಿದ್ದೇನೆ. ಅಮ್ಮ ಅಂಗಡಿಗೆ ಹೋಗಿದ್ದಾಳೆ. ಫ್ಯಾನು ತಿರುಗುತ್ತಿದ್ದರೂ ಅಂಗಿಯೆಲ್ಲ ಒದ್ದೆ. ಎಡದವಡೆ ಜುಮ್ಮೆನ್ನುತ್ತಿದೆ, ಹಲ್ಲಿನದಿರಬೇಕು. ಅಕ್ಷರ ಸೊಟ್ಟಗಿದ್ದರೆ ಪೆನ್ನಿನ ತಪ್ಪು. ಎದೆಯಲ್ಲಿ ನೋವು ಎಳ್ಳಷ್ಟೂ ಇಲ್ಲ. ಆ ಪದವನ್ನು ಹಿಂತೆಗೆದುಕೊಳ್ಳುವುದೇನೂ ಬೇಡ, ನೀನು ಬಂದರೆ ಸಾಕು. ಫೋನು ಮಾಡೋಣವೆಂದುಕೊಂಡೆ; ಅದು ಮಹಡಿಯ ಮೇಲಿದೆ.

ಅಪ್ಪ